ಅತ್ತೆ ಮೆಚ್ಚಿದ ಪಾಚಿಪುಡಿ

ನನ್ನ ಮೂಗಿನ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಅದು ಮುಖದ ಮೇಲೆ ಕೂತಿರುವ ರೀತಿಯ ಬಗ್ಗೆ ಅಲ್ಲ. ಆ ವಿಷಯದಲ್ಲಿ ಕನ್ನಡಿ ಒಮ್ಮೆಯೂ ನನ್ನ ಪರ ವಹಿಸಿಲ್ಲ. ಹೆಮ್ಮೆಯಿದ್ದದ್ದು ಅದರ ದುಡಿಮೆಯ ಬಗ್ಗೆ. ಇಪ್ಪತ್ತನೆಯ ವಯಸ್ಸಿಗೆ ಹಾಲಿನ ಡೈರಿ ಸೇರಿದೆ. ಬೆಳಿಗ್ಗೆ ಸಾಲಾಗಿ ಬರುವ ಕ್ಯಾನುಗಳ ಮುಚ್ಚಳ ತೆಗೆದು, ಬಗ್ಗಿ ಮೂಸಿ, "ಇದು ಒಳಗೆ, ಇದು ವಾಪಸ್" ಎನ್ನುವುದೇ ನನ್ನ ಉದ್ಯೋಗ. ಇನ್ನೆರಡು ಗಂಟೆಯಲ್ಲಿ ಹುಳಿಯಾಗಲಿರುವ ಹಾಲನ್ನು ಈಗಲೇ ಪತ್ತೆ ಹಚ್ಚುತ್ತಿದ್ದೆ. ಹದಿಮೂರು ವರ್ಷ ಹೀಗೆ ಮೂಗಿನ ಮೇಲೆ ಸಂಸಾರ ನಡೆಸಿದೆ. ಆಮೇಲೆ ಡೈರಿಯವರು ಅದೇ ಕೆಲಸಕ್ಕೆ ಒಂದು ಯಂತ್ರ ತಂದರು. ಅದಕ್ಕೆ ನೆಗಡಿ ಬರುವುದಿಲ್ಲ, ರಜೆ ಬೇಡ, ತನ್ನ ಬಗ್ಗೆ ತಾನೇ ಹೊಗಳಿಕೊಳ್ಳುವ ಚಟವೂ ಇಲ್ಲ. ನನ್ನನ್ನು ಮನೆಗೆ ಕಳಿಸಿದರು.

ಎರಡು ತಿಂಗಳ ನಂತರ ಸಂದರ್ಶನಕ್ಕೆ ಹೋದದ್ದು ಊರಂಚಿನ ಒಂದು ಪ್ರಯೋಗಾಲಯಕ್ಕೆ. ಒಂದು ಪಕ್ಕ ಟೈರುಗಳ ಗೋದಾಮು, ಇನ್ನೊಂದು ಪಕ್ಕ ಮುದ್ರಣಾಲಯ, ನಡುವೆ ಗಾಜಿನ ಸೂರಿನ ಉದ್ದನೆಯ ಕಟ್ಟಡ. ಒಳಗೆ ತೊಟ್ಟಿಗಳಲ್ಲಿ ಹಸಿರು ನೀರು ಸುತ್ತುತ್ತಿತ್ತು. ಅಲ್ಲಿನ ಮುಖ್ಯಸ್ಥೆ, ನಾವೆಲ್ಲ 'ಮೇಡಂ' ಎಂದು ಕರೆಯುವ ವಿಜ್ಞಾನಿ, ನನ್ನ ಅರ್ಜಿಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಹಾಲು ಒಡೆಸೋದು ಗೊತ್ತಾ?"

"ಗೊತ್ತು ಮೇಡಂ. ಬೇಡ ಅಂದ್ರೂ ಎಷ್ಟೋ ಸಲ ಒಡೆದಿದೆ" ಎಂದೆ.

ಅವರು ನಕ್ಕರು. ಕೆಲಸ ಸಿಕ್ಕಿತು. ನನ್ನ ಯೋಗ್ಯತೆ ನೋಡಿ ಕೊಟ್ಟರೆಂದು ಹೆಂಡತಿಗೆ ಹೇಳಿದೆ.

ಹಾಲಿಗೂ ಪಾಚಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಿಂತ ನೀರು ಹಸಿರಾಗುವುದನ್ನು ನೋಡಿರುತ್ತೀರಿ. ಆ ಹಸಿರು ಬರೀ ಬಣ್ಣವಲ್ಲ. ಕೋಟ್ಯಂತರ ಜೀವಗಳು, ಒಂದೊಂದೂ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ನಾವು ಬೆಳೆಸುವ ಜಾತಿಯ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನೇ ಇರುತ್ತದೆ. ಆದರೆ ಪ್ರತಿ ಜೀವದ ಸುತ್ತ ಮಹಾ ಗಟ್ಟಿಯಾದ ಚಿಪ್ಪು. ಆದ್ದರಿಂದ ಮೊದಲು ಆ ಪಾಚಿಯನ್ನು ನೀರಿನಿಂದ ಬೇರ್ಪಡಿಸಿ, ಗೋಡೆಗೆ ಬಳಿಯುವ ದಪ್ಪ ಬಣ್ಣದ ಹದಕ್ಕೆ ತಂದು, ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳ ಜೊತೆ ಗಿರಣಿಯಲ್ಲಿ ತಿರುಗಿಸಬೇಕು. ಬಿಸಿಯಾದರೆ ಪ್ರೋಟೀನು ಕೆಡುತ್ತದೆ ಎಂದು ಗಿರಣಿಯ ಮೈಸುತ್ತ ತಣ್ಣೀರು ಹರಿಯುತ್ತಿರುತ್ತದೆ. ಚಿಪ್ಪು ಒಡೆದ ಮೇಲೆ ಕ್ಷಾರ ಬೆರೆಸಿದರೆ ಪ್ರೋಟೀನು ನೀರಿನಲ್ಲಿ ಕರಗುತ್ತದೆ. ಜೋರಾಗಿ ಗಿರ್ರನೆ ಸುತ್ತುವ ಯಂತ್ರಕ್ಕೆ ಹಾಕಿದರೆ ಚಿಪ್ಪಿನ ಚೂರೆಲ್ಲ ತಳ ಸೇರುತ್ತದೆ, ಪ್ರೋಟೀನಿನ ನೀರು ಮೇಲೆ ನಿಲ್ಲುತ್ತದೆ. ಈಗ ಆ ನೀರಿಗೆ ಆಮ್ಲವನ್ನು ಹನಿ ಹನಿಯಾಗಿ ಬಿಡುತ್ತ ಹೋದರೆ ಒಂದು ಹಂತದ ಹುಳಿಗೆ ಬಂದಾಗ ಇಡೀ ಪಾತ್ರೆ ಥಟ್ಟನೆ ಮಂಕಾಗಿ, ಹಾಲು ಒಡೆದ ಹಾಗೆ ಒಡೆಯುತ್ತದೆ. ಆ ಒಡಕನ್ನು ಸೋಸಿ, ತೊಳೆದು, ಮತ್ತೆ ಹುಳಿ ಮುರಿದು, ಒಣಗಿಸಿದರೆ ಪುಡಿ.

ಆ ಒಡೆಯುವ ಗಳಿಗೆ ನನ್ನದು. ಅಳೆಯುವ ಮೀಟರು ಪಕ್ಕದಲ್ಲೇ ಇದ್ದರೂ ನಾನು ಅದನ್ನು ನೋಡುವ ಮೊದಲೇ "ಬಂತು" ಎನ್ನುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಬರುತ್ತಿತ್ತು. ಉಳಿದೆರಡು ಸಲ ಮೀಟರು ಕೆಟ್ಟಿದೆ ಎನ್ನುತ್ತಿದ್ದೆ. ಸುತ್ತುವ ಯಂತ್ರದ ಉಸ್ತುವಾರಿ ನನ್ನ ಸಹೋದ್ಯೋಗಿಯದು. ಅವನನ್ನು ಎಲ್ಲರೂ ಗಿರಗಿಟ್ಲೆ ಎಂದೇ ಕರೆಯುತ್ತಿದ್ದರು. ನನಗೆ ಹೊರಗೆ ಇನ್ನೊಂದು ಹೆಸರಿತ್ತು. ಹೆಂಡತಿಯ ತಂಗಿಯರ ಬಾಯಲ್ಲಿ ನಾನು 'ಪಾಚಿ ಭಾವ'.

ಇನ್ನು ಅತ್ತೆಯವರ ವಿಷಯ. ಅವರು ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯ ಮುಖ್ಯಸ್ಥೆಯಾಗಿ ಮೂವತ್ತು ವರ್ಷ ದುಡಿದವರು. ಒಂದು ಚಮಚ ಸೂಪು ಬಾಯಿಗಿಟ್ಟು, ಯಾರ ಪಾಳಿಯಲ್ಲಿ ಬೆಂದದ್ದು ಎಂದು ಹೇಳುವಂತಹ ನಾಲಗೆ. ನಿವೃತ್ತಿಯಾದ ಮೇಲೆ ನಮ್ಮ ಮನೆಗೆ ಬಂದು ಹತ್ತು ವರ್ಷವಾಗಿತ್ತು. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ನನ್ನನ್ನು ಅವರು ಒಮ್ಮೆಯೂ ಬೈದಿಲ್ಲ, ಹೊಗಳಿಯೂ ಇಲ್ಲ. "ಅಳಿಯಂದಿರು ಬಂದ್ರು" ಎನ್ನುವಾಗ ಅವರ ದನಿಯಲ್ಲಿ, ಆಸ್ಪತ್ರೆಗೆ ಬಾಡಿದ ತರಕಾರಿ ಬಂದಾಗ ಇರುತ್ತಿದ್ದ ನಿರ್ವಿಕಾರ ಭಾವವೇ ಇರುತ್ತಿತ್ತು. ಕೆಲಸದಿಂದ ಬಂದವನು ಬೂಟು, ಅಂಗಿ ಎಲ್ಲ ಬಾಗಿಲಾಚೆ ಬಿಟ್ಟು, ಸ್ನಾನ ಮಾಡಿಯೇ ಊಟದ ಮೇಜಿಗೆ ಬರಬೇಕು ಎನ್ನುವುದು ಅವರ ಕಟ್ಟಪ್ಪಣೆ. "ಕೆರೆ ಮನೆಯೊಳಗೆ ಬರೋದು ಬೇಡ" ಎಂದು ಮಗಳ ಮೂಲಕ ಹೇಳಿಸುತ್ತಿದ್ದರು. ನನ್ನಲ್ಲಿ ಯಾವ ವಾಸನೆ ಎಂದು ನನಗೇ ತಿಳಿಯುತ್ತಿರಲಿಲ್ಲ. ದಿನವೆಲ್ಲ ಅದರಲ್ಲೇ ಮುಳುಗಿರುವ ಮೂಗಿಗೆ ಅದು ಗಾಳಿಯಷ್ಟೇ ಸಹಜವಾಗಿತ್ತು.

ಹೀಗಿರುವಾಗ ಒಂದು ಸಂಜೆ ನಾನು ಮರೆತು ಅದೇ ಅಂಗಿಯಲ್ಲಿ ಊಟಕ್ಕೆ ಕೂತುಬಿಟ್ಟೆ. ಹೆಂಡತಿ ಕಣ್ಣು ಬಿಟ್ಟಳು. ಅತ್ತೆ ಏನೂ ಅನ್ನಲಿಲ್ಲ, ಸೂಪು ಬಡಿಸಿದರು. ಮರುದಿನ ಬೇಕೆಂದೇ ಹಾಗೆ ಕೂತೆ. ಆಗಲೂ ಏನೂ ಇಲ್ಲ. ರಾತ್ರಿ ಹೆಂಡತಿಗೆ ಹೇಳಿದೆ: "ನೋಡು, ಕೊನೆಗೂ ನಿಮ್ಮಮ್ಮ ನನ್ನನ್ನ ಒಪ್ಕೊಂಡ್ರು."

"ಅವರಿಗೆ ಮಂಡಿ ನೋವು, ಬೈಯೋಕೂ ಶಕ್ತಿ ಇಲ್ಲ ಅನ್ಸುತ್ತೆ" ಎಂದಳು ಅವಳು. ಅದು ಹೊಟ್ಟೆಕಿಚ್ಚಿನ ಮಾತು ಎಂದುಕೊಂಡು ಮಲಗಿದೆ.

ಇದಾಗಿ ವರ್ಷ ಕಳೆದ ಮೇಲೆ ನಮ್ಮ ಪ್ರಯೋಗಾಲಯಕ್ಕೆ ಒಂದು ಬಿಸ್ಕತ್ತು ಕಂಪನಿಯವರು ಬಂದರು. ಪ್ರೋಟೀನು ತುಂಬಿದ ಬಿಸ್ಕತ್ತು ಮಾಡುವುದು ಅವರ ಯೋಜನೆ. ನಮ್ಮ ಪುಡಿಯಲ್ಲಿ ಸತ್ವವೇನೋ ಇತ್ತು, ಆದರೆ ಹಸಿರು ಬಣ್ಣ, ಕೆರೆಯ ವಾಸನೆ ಎರಡೂ ಅದಕ್ಕೆ ಅಂಟಿಕೊಂಡೇ ಇದ್ದವು. ಪಾಚಿಯ ಕೊಬ್ಬು ಮತ್ತು ಬಣ್ಣ ಪ್ರೋಟೀನನ್ನು ಸುಲಭಕ್ಕೆ ಬಿಡುವುದಿಲ್ಲ. ಮೇಡಂ ನನ್ನನ್ನು ಕರೆದು, ಒಡಕನ್ನು ಮೂರು ಸಲ ಆಲ್ಕೋಹಾಲಿನಲ್ಲಿ, ಆಮೇಲೆ ಮೂರು ಸಲ ಹುಳಿನೀರಿನಲ್ಲಿ ತೊಳೆದು ಪುಡಿ ಮಾಡಲು ಹೇಳಿದರು.

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ಅದು ಕೆಲಸ ಮಾಡಿದಾಗಲೆಲ್ಲ ಏನಾದರೊಂದು ಆಗುತ್ತದೆ. ತೊಳೆದಷ್ಟೂ ಸ್ವಲ್ಪ ಸ್ವಲ್ಪ ಪ್ರೋಟೀನು ನೀರಿನ ಜೊತೆ ಹೋಗುತ್ತದೆ; ತಕ್ಕಡಿಯಲ್ಲಿ ತೂಕ ಇಳಿಯುತ್ತದೆ. ಡೈರಿಯಲ್ಲಿ ಹನಿ ಹಾಲು ಚೆಲ್ಲಿದರೂ ಎದೆ ಹಿಂಡಿದಂತಾಗುತ್ತಿದ್ದವನು ನಾನು. ಒಂದೇ ಒಂದು ಸಲ ಹುಳಿನೀರಿನಲ್ಲಿ ತೊಳೆದೆ. ಮೂಸಿದೆ. ಏನೂ ವಾಸನೆ ಇಲ್ಲ! ಇನ್ನೊಮ್ಮೆ ಮೂಸಿದೆ. ಇಲ್ಲ. ಗಿರಗಿಟ್ಲೆಯ ಮೂಗಿನ ಕೆಳಗೆ ಹಿಡಿದೆ. ಅವನೂ ನನ್ನಂತೆಯೇ ಹನ್ನೆರಡು ವರ್ಷ ಪಾಚಿಯಲ್ಲಿ ನೆನೆದವನು. "ಸೊನ್ನೆ" ಎಂದ. ಆಲ್ಕೋಹಾಲಿನ ಡಬ್ಬಿಯ ಮುಚ್ಚಳವನ್ನೂ ತೆರೆಯದೆ ಒಣಗಿಸಲು ಇಟ್ಟೆವು. ಬಂದ ಪುಡಿ ತಿಳಿಹಸಿರು, ನೋಡಲು ಮುದ್ದಾಗಿತ್ತು.

"ನಮ್ಮ ಮೂಗು ನಂಬೋ ಹಾಗಿಲ್ಲ. ಹೊರಗಿನವರ ಹತ್ರ ನೋಡಿಸ್ಬೇಕು" ಎಂದರು ಮೇಡಂ.

"ನೋಡಿಸ್ತೀನಿ ಮೇಡಂ" ಎಂದು, ನಿಯಮಕ್ಕೆ ವಿರುದ್ಧವಾಗಿ, ಒಂದು ಡಬ್ಬಿ ಪುಡಿಯನ್ನು ಮನೆಗೆ ಒಯ್ದೆ.

ಮನೆಯಲ್ಲಿ ಮೂವರು ಪರೀಕ್ಷಕರು. ಸೂಪಿಗೆ ಒಂದೊಂದು ಚಮಚ ಪುಡಿ ಬೆರೆಸಿ ಕೊಟ್ಟೆ. ಹದಿನೈದು ವರ್ಷದ ಮಗಳು ಬಟ್ಟಲನ್ನು ಮೂಗಿನ ಹತ್ತಿರ ತಂದವಳೇ ಕೈ ಚಾಚಿ ದೂರ ಹಿಡಿದಳು.

"ಅಪ್ಪಾ, ಮೀನಿನ ತೊಟ್ಟಿ ನೆಕ್ಕಿದ ಹಾಗಿದೆ."

"ಮೀನಿನ ತೊಟ್ಟಿ ಯಾವಾಗ ನೆಕ್ಕಿದ್ದೆ ನೀನು?"

"ಇವತ್ತೇ ಮೊದಲು" ಎಂದು ಎದ್ದು ಹೋದಳು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವವಳು. ಮಾತಿನಲ್ಲಿ ತಾಳ್ಮೆ ಹೆಚ್ಚು. ಎರಡು ಚಮಚ ಕುಡಿದು, "ರೀ, ನಿಮ್ಮ ಶ್ರಮ ಕಾಣುತ್ತೆ. ಆದ್ರೆ ಶ್ರಮಕ್ಕಿಂತ ಮೊದಲು ಕೆರೆ ಕಾಣುತ್ತೆ" ಎಂದಳು.

ಅತ್ತೆ ಮಾತ್ರ ಕುಡಿಯುತ್ತಲೇ ಇದ್ದರು. ಬಟ್ಟಲು ಖಾಲಿಯಾಯಿತು. ಅದರ ತಳವನ್ನು ಚಮಚದಿಂದ ಕೆರೆದರು. ಆಮೇಲೆ ನನ್ನ ಕಡೆ ನೋಡಿ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, "ಚೆನ್ನಾಗಿದೆ ಅಳಿಯಂದಿರೇ. ಇನ್ನೂ ಸ್ವಲ್ಪ ಇದೆಯಾ?" ಎಂದರು.

ನನ್ನ ತಲೆಗೆ ಕೋಡು ಮೂಡಿತು. ಮೂವತ್ತು ವರ್ಷ ಸಾವಿರ ರೋಗಿಗಳಿಗೆ ಉಣಬಡಿಸಿದ ನಾಲಗೆ ಒಂದು ಕಡೆ. ಚಿಪ್ಸು ತಿನ್ನುವ ಮಗಳು, ಕನ್ನಡಕ ಮಾರುವ ಹೆಂಡತಿ ಇನ್ನೊಂದು ಕಡೆ. ಯಾರ ಮಾತು ತೂಕದ್ದು ಎಂದು ತೀರ್ಮಾನಿಸಲು ನನಗೆ ಅರೆಕ್ಷಣವೂ ಬೇಕಾಗಲಿಲ್ಲ. ಮುಂದಿನ ಮೂರು ದಿನವೂ ಅತ್ತೆ ಕೇಳಿ ಕೇಳಿ ಹಾಕಿಸಿಕೊಂಡರು. ನಾಲ್ಕನೆಯ ದಿನ ಪ್ರಯೋಗಾಲಯಕ್ಕೆ ಹೋಗಿ ಎದೆಯುಬ್ಬಿಸಿ ಹೇಳಿದೆ: "ಮೇಡಂ, ಹೊರಗಿನ ಪರೀಕ್ಷೆ ಮುಗೀತು. ಆಸ್ಪತ್ರೆ ಅಡುಗೆಮನೆ ನಡೆಸಿದವರು ನೋಡಿ ಒಪ್ಪಿದ್ದಾರೆ. ಆಲ್ಕೋಹಾಲ್ ಬೇಕಾಗಿಲ್ಲ."

"ಎಷ್ಟು ಜನ?" ಎಂದರು ಮೇಡಂ.

"ಒಬ್ಬರೇ ಮೇಡಂ, ಆದ್ರೆ ಒಬ್ಬರು ನೂರು ಜನಕ್ಕೆ ಸಮ."

ಮೇಡಂ ಅರೆಮನಸ್ಸಿನಿಂದ ಹೂಂ ಎಂದರು. ಬೇರೆ ಪುಡಿ ಮಾಡಲು ದಿನವೂ ಉಳಿದಿರಲಿಲ್ಲ.

ಬಿಸ್ಕತ್ತು ಕಂಪನಿಯವರ ರುಚಿ ಪರೀಕ್ಷೆ ನಡೆದದ್ದು ಮರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಉದ್ದ ಮೇಜಿಗೆ ರಟ್ಟಿನ ಅಡ್ಡಗೋಡೆ ಇಟ್ಟು ಐದು ಗೂಡು ಮಾಡಿದ್ದರು. ಒಂದೊಂದರಲ್ಲೂ ಒಬ್ಬೊಬ್ಬ ಪರೀಕ್ಷಕ, ಬಿಳಿ ತಟ್ಟೆ, ಎರಡು ಬಿಸ್ಕತ್ತು, ಒಂದು ಲೋಟ ನೀರು, ಬರೆಯಲು ಒಂದು ಹಾಳೆ. ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಗೋಡೆಗೊರಗಿ, ಮದುವೆಗೆ ಬಂದವರನ್ನು ಎದುರುಗೊಳ್ಳುವ ಹುಡುಗಿಯ ಅಪ್ಪನ ಹಾಗೆ ಮಂದಹಾಸ ಬೀರುತ್ತ ನಿಂತಿದ್ದೆ.

ಮೊದಲ ಗೂಡಿನಿಂದ ಕೆಮ್ಮು ಕೇಳಿಸಿತು. ಎರಡನೆಯ ಗೂಡಿನವರು ನೀರು ಕುಡಿದರು, ಆಮೇಲೆ ಇನ್ನೊಂದು ಲೋಟ ಕೇಳಿದರು. ಮೂರನೆಯವರು ಕರವಸ್ತ್ರ ಹುಡುಕಿದರು. ನಾಲ್ಕನೆಯ ಗೂಡಿನ ದಪ್ಪ ಮನುಷ್ಯ ಮಾತ್ರ ಪೂರ್ತಿ ತಿಂದ. ನನಗೆ ಜೀವ ಬಂತು. ಅವನಿಗೆ ಬೆಳಗಿನ ತಿಂಡಿ ಆಗಿರಲಿಲ್ಲವಂತೆ. ಹಾಳೆಗಳನ್ನು ಒಟ್ಟುಮಾಡಿ ಕಂಪನಿಯ ಹೆಂಗಸು ಗಟ್ಟಿಯಾಗಿ ಓದಿದರು.

"ಹೂಕುಂಡದ ಕೆಳಗಿನ ತಟ್ಟೆಯ ನೀರು."

"ಕಪ್ಪೆಯ ನೆನಪಾಗುತ್ತದೆ."

"ಉಪ್ಪು ವಿಪರೀತ."

"ಹಸಿವಿಗೆ ಪರವಾಗಿಲ್ಲ."

ಐದನೆಯವರು ಏನೂ ಬರೆದಿರಲಿಲ್ಲ. ಎದ್ದು ಹೊರಗೆ ಹೋಗಿದ್ದರು.

ಮೇಡಂ ನನ್ನ ಕಡೆ ತಿರುಗಿದರು. ಸಿಟ್ಟು ಮಾಡಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವರು ಮೆಲ್ಲಗೆ, "ಆ ಒಬ್ಬರು ಯಾರು ಅಂತ ಹೇಳಿದ್ರಿ?" ಎಂದು ಕೇಳಿದರು.

"ನಮ್ಮತ್ತೆ ಮೇಡಂ."

ಗಿರಗಿಟ್ಲೆ ಬೇರೆ ಕಡೆ ನೋಡಿದ. ಅವನ ಬೆನ್ನು ಕುಲುಕುತ್ತಿತ್ತು. ಕಂಪನಿಯವರು ದೊಡ್ಡ ಮನಸ್ಸು ಮಾಡಿ ಆರು ವಾರ ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು. ಮೇಡಂ ನನಗೆ ಮಧ್ಯಾಹ್ನ ರಜೆ ಕೊಟ್ಟು ಮನೆಗೆ ಹೋಗಲು ಹೇಳಿದರು. ಅದು ದಯೆಯೋ ಶಿಕ್ಷೆಯೋ ಎಂದು ಯೋಚಿಸುತ್ತ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆಗೆ ಕೇಳಬೇಕಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡೆ. ಹತ್ತೊಂಬತ್ತು ವರ್ಷ ಮಾತಾಡದೆ ಕೂತು, ಒಂದೇ ಒಂದು ಮಾತಿನಲ್ಲಿ ನನ್ನ ಮಾನ ಕಳೆದರಲ್ಲ! ಬೇಕೆಂದೇ ಮಾಡಿರಬೇಕು. ನನಗೆ ಪಾಠ ಕಲಿಸಲು ಮೂರು ದಿನ ಕೆರೆಯ ನೀರು ಕುಡಿದಿರಬೇಕು. ಎಂಥ ಹೆಂಗಸು!

ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ. ಎರಡನೆಯ ಮಹಡಿಯ ತಿರುವಿನಲ್ಲೇ ನನ್ನ ಮೂಗು ಅರಳಿತು. ಹಾಲು ಸೀದ ವಾಸನೆ. ಪಾಚಿ ತಿಳಿಯದಿದ್ದರೂ ಹಾಲಿನ ವಿಷಯದಲ್ಲಿ ಅದು ಹಳೆಯ ನಿಯತ್ತನ್ನು ಬಿಟ್ಟಿರಲಿಲ್ಲ. ಬರೀ ಉಕ್ಕಿದ್ದಲ್ಲ, ತಳ ಹಿಡಿದು ಕರಿಕಾಗುತ್ತಿರುವ ಹಾಲು. ಎರಡೆರಡು ಮೆಟ್ಟಿಲು ಹಾರಿ ಬಾಗಿಲು ತೆರೆದೆ.

ಅಡುಗೆಮನೆಯಲ್ಲಿ ನೀಲಿ ಹೊಗೆ ತುಂಬಿತ್ತು. ಒಲೆಯ ಮೇಲೆ ಪಾತ್ರೆ ಕೆಂಪಗೆ ಕಾದಿತ್ತು. ಒಲೆಗೆ ಬೆನ್ನು ಮಾಡಿ, ಒಂದು ಮಾರು ದೂರದಲ್ಲಿ, ಅತ್ತೆ ಕುರ್ಚಿಯಲ್ಲಿ ಕೂತು ನಿಧಾನವಾಗಿ ಬಟಾಣಿ ಸುಲಿಯುತ್ತಿದ್ದರು. ನನ್ನನ್ನು ನೋಡಿ, "ಇವತ್ತು ಬೇಗ ಬಂದ್ರಲ್ಲ" ಎಂದರು.

ನಾನು ಓಡಿ ಒಲೆ ಆರಿಸಿ, ಕಿಟಕಿ ತೆರೆದು, ಪಾತ್ರೆಯನ್ನು ಬಟ್ಟೆಯಿಂದ ಹಿಡಿದು ಸಿಂಕಿನ ನೀರಿಗೆ ಹಾಕಿದೆ. ಅದು ಚುಸ್ಸೆಂದಿತು. ಆಗ ಅತ್ತೆ ತಿರುಗಿ ನೋಡಿದರು. ಅವರ ಕೈಯಲ್ಲಿದ್ದ ಬಟಾಣಿ ನೆಲಕ್ಕೆ ಬಿದ್ದು ಉರುಳಿತು.

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದ ಒಂದು ಪ್ರಶ್ನೆಯೂ ನೆನಪಿಗೆ ಬರಲಿಲ್ಲ. "ಅತ್ತೆ, ನಿಮಗೆ ವಾಸನೆ ಬರ್ಲಿಲ್ವಾ?" ಎಂದಷ್ಟೇ ಕೇಳಿದೆ.

ಅವರು ಬಟಾಣಿಯ ಬಟ್ಟಲನ್ನು ಪಕ್ಕಕ್ಕಿಟ್ಟರು. "ಹದಿನಾಲ್ಕು ತಿಂಗಳಾಯ್ತು" ಎಂದರು. "ಆಗ ಒಂದು ವಾರ ಜ್ವರ ಬಂದಿತ್ತಲ್ಲ, ಅದು ಹೋಗುವಾಗ ತಗೊಂಡು ಹೋಯ್ತು. ಯಾವ ವಾಸನೇನೂ ಇಲ್ಲ. ಸೋಪು ಇಲ್ಲ, ಹೊಗೆ ಇಲ್ಲ. ನೀವೂ ಇಲ್ಲ."

"ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮೂವತ್ತು ವರ್ಷ ಅಡುಗೆಮನೆ ಆಳಿದವಳಿಗೆ ಮೂಗಿಲ್ಲ ಅಂತ ಹೇಳ್ಲಾ? ಹೇಳಿದ ದಿನವೇ ನನ್ನ ಮಗಳು ನನ್ನನ್ನ ಒಲೆ ಹತ್ರ ಬಿಡೋದಿಲ್ಲ. ಮಂಡಿ ನೋವು ಅಂತ ಹೇಳಿ ಅರ್ಧ ಅಡುಗೆ ಬಿಟ್ಟೆ. ಉಳಿದದ್ದು ಗಡಿಯಾರ ನೋಡ್ಕೊಂಡು ಮಾಡ್ತಿದ್ದೆ. ಇವತ್ತು ಗಡಿಯಾರ ನೋಡೋದು ಮರೆತುಹೋಯ್ತು."

ಅಂದರೆ ನನ್ನ ಅಂಗಿಯ ವಾಸನೆಯನ್ನು ಅವರು ಕ್ಷಮಿಸಿದ್ದಲ್ಲ. ಅದು ಅವರನ್ನು ತಲುಪಿಯೇ ಇರಲಿಲ್ಲ. ಒಂದು ವರ್ಷದಿಂದ ನಾನು ಒಬ್ಬನೇ ಆನಂದಿಸುತ್ತಿದ್ದ ಪ್ರೀತಿ ಒಂದು ಜ್ವರದ ಕೃಪೆ. ನನ್ನ ಮುಖ ಹುಳ್ಳಗಾಗಿರಬೇಕು, ಅವರು ನನ್ನನ್ನೇ ನೋಡಿದರು.

"ಹಾಗಾದ್ರೆ ಪುಡಿ ಚೆನ್ನಾಗಿದೆ ಅಂದದ್ದು?" ಎಂದೆ. ಮನೆ ಸುಟ್ಟುಹೋಗಬಹುದಿತ್ತು; ಆಗಲೂ ನನಗೆ ನನ್ನ ಪುಡಿಯದೇ ಚಿಂತೆ.

"ಅದು ಸುಳ್ಳಲ್ಲ" ಎಂದು ಅತ್ತೆ ತಲೆಯೆತ್ತಿದರು. "ಬೇರೆ ಏನು ತಿಂದ್ರೂ ಒದ್ದೆ ಕಾಗದ ಅಗಿದ ಹಾಗೆ. ಸುಮ್ನೆ ನುಂಗ್ತಿದ್ದೆ. ನಿಮ್ಮ ಪುಡಿ ಒಂದೇ ನಾಲಗೆಗೆ ತಾಗಿದ್ದು. ಉಪ್ಪು ಉಪ್ಪಾಗಿ, ಏನೋ ಒಂದು ತುಂಬಿಕೊಂಡ ಹಾಗೆ. ಹದಿನಾಲ್ಕು ತಿಂಗಳ ಮೇಲೆ ಊಟ ಮಾಡ್ತಿದ್ದೀನಿ ಅನ್ನಿಸ್ತು."

ಆ ಉಪ್ಪು ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ಕ್ಷಾರ ಮತ್ತು ಆಮ್ಲ ಸೇರಿದರೆ ಉಪ್ಪು ಹುಟ್ಟುತ್ತದೆ. ಅದನ್ನು ತೊಳೆದು ಕಳೆಯಲೆಂದೇ ಮೂರು ಸಲ ತೊಳೆಯಬೇಕು. ಅತ್ತೆ ಮೆಚ್ಚಿದ್ದು ನಾನು ಮಾಡಿದ ಕೆಲಸವನ್ನಲ್ಲ, ಮಾಡದೆ ಬಿಟ್ಟದ್ದನ್ನು. ಅದನ್ನು ಅವರಿಗೆ ಹೇಳಲಿಲ್ಲ. ಬಗ್ಗಿ ಬಟಾಣಿ ಹೆಕ್ಕಿದೆ.

"ಮಗಳಿಗೆ ಹೇಳ್ಬೇಡಿ" ಎಂದರು.

"ಖಂಡಿತ ಹೇಳೋದಿಲ್ಲ" ಎಂದೆ. ಹೆಂಡತಿ ಆರಕ್ಕೆ ಬಂದಳು. ಆರೂ ಹತ್ತಕ್ಕೆ ಹೇಳಿಬಿಟ್ಟಿದ್ದೆ. ನನ್ನ ಬಾಯಿಗೆ ಬೀಗ ಹಾಕಿದರೂ ಕೀಲಿ ನನ್ನ ಹತ್ತಿರವೇ ಇರುತ್ತದಲ್ಲ. ಅವಳು ಚೀಲ ಕೆಳಗಿಡದೆ ಕೇಳಿಸಿಕೊಂಡಳು. "ದಿನಕ್ಕೆ ನಲವತ್ತು ಜನರ ಕಣ್ಣು ನೋಡ್ತೀನಿ. ನಮ್ಮಮ್ಮನ ಮುಖ ನೋಡ್ಲಿಲ್ಲ" ಎಂದು ಅಲ್ಲೇ ಗೋಡೆಗೆ ಒರಗಿದಳು. ಆಮೇಲೆ ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಮೊದಲು ಜಗಳ ಕೇಳಿಸಿತು, ನಂತರ ಅಳು, ಕೊನೆಗೆ ಇಬ್ಬರೂ ಸೇರಿ ನನ್ನನ್ನು ಬೈಯುವುದು ಕೇಳಿಸಿತು. ಆಗ ನಿರಾಳವಾಯಿತು.

ಮೂಗಿನ ವೈದ್ಯರು ಪರೀಕ್ಷೆ ಮಾಡಿ, ವಾಸನೆ ಮರಳಬಹುದು, ಮರಳದೆಯೂ ಇರಬಹುದು ಎಂದರು. ನಿಂಬೆ, ಲವಂಗ, ಕಾಫಿಪುಡಿ, ಗುಲಾಬಿ ಎಣ್ಣೆ, ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಮೂಸುತ್ತ, ಅವುಗಳ ವಾಸನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು, ತಿಂಗಳುಗಟ್ಟಲೆ. ಅತ್ತೆ ನಾಲ್ಕು ಸೀಸೆಗೆ ಚೀಟಿ ಅಂಟಿಸಿ, ಕಪಾಟಿನಲ್ಲಿ ಸಾಲಾಗಿ ಇಟ್ಟರು. ಒಲೆಯ ಮೇಲ್ಗಡೆ ಹೆಂಡತಿ ಹೊಗೆಗೆ ಕೂಗುವ ಗಂಟೆ ಹಾಕಿಸಿದಳು. ಅತ್ತೆ ಒಲೆ ಬಿಟ್ಟುಕೊಡಲಿಲ್ಲ.

ಪ್ರಯೋಗಾಲಯದಲ್ಲಿ ನಾನು ನಡೆದದ್ದನ್ನೆಲ್ಲ ಮೇಡಂಗೆ ಒಪ್ಪಿಸಿದೆ. ಒಂದೇ ಸಲ ತೊಳೆದದ್ದು, ಪುಡಿ ಮನೆಗೆ ಒಯ್ದದ್ದು, ನನ್ನ ನೂರು ಜನರಿಗೆ ಸಮನಾದ ಪರೀಕ್ಷಕರಿಗೆ ಮೂಗಿಲ್ಲದ್ದು. ಮೇಡಂ ಹಣೆಗೆ ಕೈ ಹಚ್ಚಿ ಕೂತರು. ಬೈಯುತ್ತಾರೆಂದು ಕಾದೆ. ಅವರ ಭುಜ ಅಲ್ಲಾಡತೊಡಗಿತು. ಕಣ್ಣೀರು ಬರುವಷ್ಟು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ಅವರು ಇಲ್ಲಿಗೆ ಬರ್ತಾರಾ?" ಎಂದರು.

"ಯಾಕೆ ಮೇಡಂ?"

"ನಮ್ಮ ಪರೀಕ್ಷಕರಿಗೆ ವಾಸನೆ ಬಂದ ಕೂಡ್ಲೇ ಬೇರೆ ಏನೂ ತಿಳಿಯೋದಿಲ್ಲ. ಕಹಿ ಇದೆಯಾ, ಮರಳು ಮರಳಾಗಿದೆಯಾ, ಉಪ್ಪು ಉಳಿದಿದೆಯಾ ಅಂತ ಬರೀ ನಾಲಗೆಯಿಂದ ಹೇಳೋರು ಬೇಕು. ಅವರಿಗೆ ಇಷ್ಟ ಇದ್ರೆ ಮಾತ್ರ."

ಅತ್ತೆ ಬಂದರು. ಆಸ್ಪತ್ರೆಯ ಕಾಲದ ಬಿಳಿ ಏಪ್ರನನ್ನು ಪೆಟ್ಟಿಗೆಯಿಂದ ತೆಗೆದು ಕಟ್ಟಿಕೊಂಡು, ನನ್ನ ಪಕ್ಕದಲ್ಲಿ ಬಸ್ಸಿನಲ್ಲಿ ಕೂತು ಬಂದರು. ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಒಮ್ಮೆ ಎಲ್ಲ ನೋಡಿದರು. "ನೆಲ ತೊಳೆಯೋದು ದಿನಕ್ಕೆಷ್ಟು ಸಲ?" ಎಂಬುದು ಅವರ ಮೊದಲ ಪ್ರಶ್ನೆ. ಅಂದಿನಿಂದ ಎರಡು ಸಲ ಆಯಿತು.

ಈ ಬಾರಿ ಮೇಡಂ ಹೇಳಿದ್ದನ್ನೆಲ್ಲ ಹೇಳಿದಂತೆ ಮಾಡಿದೆ. ಮೂರು ಸಲ ಆಲ್ಕೋಹಾಲಿನಲ್ಲಿ ತೊಳೆದೆ. ಪ್ರತಿ ಸಲವೂ ಹಸಿರು ಬಣ್ಣ ಬಸಿದು ಹೋಯಿತು. ಮೂರು ಸಲ ಹುಳಿನೀರಿನಲ್ಲಿ ತೊಳೆದೆ. ತಕ್ಕಡಿಯ ಮುಳ್ಳು ಇಳಿಯುವಾಗ ಕಣ್ಣು ಮುಚ್ಚಿಕೊಂಡೆ. ಉಳಿದದ್ದು ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು. ಬೆಣ್ಣೆಯ ಬಣ್ಣದ ಪುಡಿ.

ಅತ್ತೆ ಚಿಟಿಕೆ ಪುಡಿಯನ್ನು ನೀರಿನಲ್ಲಿ ಕಲಸಿ ನಾಲಗೆಯ ಮೇಲಿಟ್ಟು, ಕಣ್ಣು ಮುಚ್ಚಿದರು. ಹತ್ತೊಂಬತ್ತು ವರ್ಷದಿಂದ ನನಗೆ ಭಯವಿದ್ದ ಮುಖ ಅದು.

"ಹಲ್ಲಿಗೆ ಸಿಗುತ್ತೆ" ಎಂದರು. "ಏನೋ ಸಣ್ಣ ಚೂರು. ಇದನ್ನ ಸರಿಯಾಗಿ ತಿಳಿ ಮಾಡಿಲ್ಲ ಯಾರೋ."

ಎಲ್ಲರೂ ಗಿರಗಿಟ್ಲೆಯ ಕಡೆ ತಿರುಗಿದೆವು. ಮೂವತ್ತು ನಿಮಿಷ ಸುತ್ತಿಸಬೇಕಾದದ್ದನ್ನು ಊಟದ ಹೊತ್ತಾಯಿತೆಂದು ಇಪ್ಪತ್ತಕ್ಕೇ ನಿಲ್ಲಿಸುತ್ತಿದ್ದೆ ಎಂದು ಅವನು ಅಲ್ಲೇ ಒಪ್ಪಿಕೊಂಡ. ಚಿಪ್ಪಿನ ಚೂರು ಪೂರ್ತಿ ತಳ ಸೇರುತ್ತಿರಲಿಲ್ಲ. ಎಷ್ಟು ದಿನದಿಂದ ಎಂದು ಮೇಡಂ ಕೇಳಲಿಲ್ಲ. ಅವನು ಹೇಳಲೂ ಇಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಮುಖ ತಗ್ಗಿಸುವ ಸರದಿ ನನ್ನದಾಗಿರಲಿಲ್ಲ. ಅದರ ಸುಖವನ್ನು ಮರೆಮಾಚಲು ನನಗೆ ಸಾಧ್ಯವಾಗಲಿಲ್ಲ. ಅತ್ತೆ ಅದನ್ನೂ ಗಮನಿಸಿ, "ಕೊನೆಗೆ ಸ್ವಲ್ಪ ಕಹಿ ಇದೆ. ಅದು ಯಾರ ಕೆಲಸ?" ಎಂದರು. ಅದು ನನ್ನದು. ಕ್ಷಾರ ಹೆಚ್ಚಾಗಿತ್ತು.

ಹೀಗೆ ನಾಲ್ಕು ಸಲ ಮಾಡಿದೆವು, ನಾಲ್ಕು ಸಲ ಅತ್ತೆ ತಪ್ಪು ಹಿಡಿದರು. ಐದನೆಯ ಸಲ ಪುಡಿಯನ್ನು ಬಾಯಿಗಿಟ್ಟರು. ಇನ್ನೊಂದು ಚಿಟಿಕೆ ಕೇಳಿದರು. ಆಮೇಲೆ ಬೇಸರದಿಂದ ಬಟ್ಟಲು ಕೆಳಗಿಟ್ಟರು.

"ಏನೂ ಇಲ್ಲ."

"ಏನೂ ಇಲ್ವಾ?" ಮೇಡಂ ಮುಂದಕ್ಕೆ ಬಾಗಿದರು.

"ಏನೂ ಇಲ್ಲ. ಉಪ್ಪಿಲ್ಲ, ಕಹಿಯಿಲ್ಲ, ಚೂರಿಲ್ಲ. ಇದಕ್ಕಾ ಇವರು ಹನ್ನೆರಡು ವರ್ಷ ತಗೊಂಡಿದ್ದು?"

ಮೇಡಂ ಚಪ್ಪಾಳೆ ತಟ್ಟಿದರು. ಗಿರಗಿಟ್ಲೆ ನನ್ನನ್ನು ತಬ್ಬಿಕೊಂಡ. ನನ್ನ ಇಡೀ ದುಡಿಮೆಗೆ ಸಿಕ್ಕ ಅತ್ಯುತ್ತಮ ಪ್ರಶಂಸೆ ಅದೇ: ಏನೂ ಇಲ್ಲ. ಹೊರಗಿನಿಂದ ಕರೆಸಿದ ಮೂಗುಗಳೂ ಅದನ್ನೇ ಹೇಳಿದವು. ಆರನೆಯ ವಾರ ಬಿಸ್ಕತ್ತು ಕಂಪನಿಯ ಐದು ಗೂಡುಗಳಲ್ಲಿ ಯಾರೂ ಕೆಮ್ಮಲಿಲ್ಲ. ಒಬ್ಬರು ಹಾಳೆಯಲ್ಲಿ "ಬಿಸ್ಕತ್ತು" ಎಂದಷ್ಟೇ ಬರೆದಿದ್ದರು. ಕಂಪನಿಯವರು ಕೈ ಕುಲುಕಿ, ಮುಂದಿನ ವರ್ಷದಿಂದ ಪುಡಿ ಬೇಕು ಎಂದರು.

ಆದರೆ ಅತ್ತೆಗೆ ಅದರಿಂದ ಉಪಯೋಗವಿರಲಿಲ್ಲ. ನಾವು ಗೆದ್ದ ಪುಡಿ ಅವರ ಪಾಲಿಗೆ ಮತ್ತೊಂದು ಒದ್ದೆ ಕಾಗದ. ನಾನು ಮೇಡಂ ಬಳಿ ಹೋಗಿ, ಈ ಸಲ ನಿಯಮದ ಪ್ರಕಾರ ಚೀಟಿ ಬರೆದುಕೊಟ್ಟು, ಕೆಟ್ಟುಹೋದ ಆ ಮೊದಲ ಪುಡಿಯ ಉಳಿದ ಡಬ್ಬಿಗಳನ್ನು ಕೇಳಿದೆ. ಅವರು ಪ್ರಯೋಗಾಲಯದ ವರದಿಗಳನ್ನು ಇನ್ನೊಮ್ಮೆ ನೋಡಿ, ತಿನ್ನಲು ತೊಂದರೆಯಿಲ್ಲ ಎಂದು ಸಹಿ ಹಾಕಿಕೊಟ್ಟರು. "ಕಾರಣ" ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯದೆ "ರುಚಿ" ಎಂದು ಬರೆದೆ.

ಆ ದಿನ ಸಂಜೆ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ಮನೆಗೆ ಹೊರಟೆವು. ಡಬ್ಬಿಗಳ ಚೀಲ ನನ್ನ ತೊಡೆಯ ಮೇಲಿತ್ತು. ಮುಂದಿನ ಸೀಟಿನವರು ಎರಡು ಸಲ ಹಿಂತಿರುಗಿ ನೋಡಿ, ಎದ್ದು ಮುಂದೆ ಹೋಗಿ ನಿಂತರು. ನಮ್ಮಿಬ್ಬರಿಗೂ ಏನೂ ತಿಳಿಯಲಿಲ್ಲ.

"ಒಂದು ಕೇಳ್ಲಾ?" ಎಂದರು ಅತ್ತೆ. "ಆ ಹುಳಿ ಹನಿ ಹನಿ ಬಿಡ್ತೀರಲ್ಲ, ಅದು ಒಡೆಯೋ ಹೊತ್ತು ನಿಮಗೆ ಹೇಗೆ ಗೊತ್ತಾಗುತ್ತೆ?"

ಯಾರೂ ನನ್ನನ್ನು ಅದುವರೆಗೆ ಅದನ್ನು ಕೇಳಿರಲಿಲ್ಲ. ನೀರಿನ ಅಂಚು ಮೊದಲು ಮಂಕಾಗುವುದು, ಕಲಕುವ ಕೋಲಿನ ಸುತ್ತ ನೂಲಿನಂತೆ ಎಳೆ ಏಳುವುದು, ಪಾತ್ರೆಯ ಸದ್ದು ದಪ್ಪವಾಗುವುದು, ಎಲ್ಲ ಹೇಳಿದೆ. ಅವರು ನೂರು ಲೀಟರಿನ ಹಂಡೆಯಲ್ಲಿ ಸೂಪು ದಪ್ಪವಾಗುವಾಗಲೂ ಸದ್ದು ಬದಲಾಗುತ್ತದೆ ಎಂದರು. ಕುದಿ ತೆಳ್ಳಗಿದ್ದಾಗ ಮಾತಾಡುತ್ತದೆ, ದಪ್ಪವಾದಾಗ ಗೊಣಗುತ್ತದೆಯಂತೆ. ವಾಸನೆಯಿಲ್ಲದ ಹದಿನಾಲ್ಕು ತಿಂಗಳು ಗಡಿಯಾರದ ಜೊತೆಗೆ ಆ ಗೊಣಗಾಟವನ್ನೂ ಕೇಳಿಕೊಂಡೇ ಅಡುಗೆ ಮಾಡಿದರಂತೆ. ನಾನು ಡೈರಿಯ ಕಥೆಗೆ ಹೋದೆ. ಅವರು ಆಸ್ಪತ್ರೆಯಲ್ಲಿ ಒಮ್ಮೆ ಮುನ್ನೂರು ಜನರ ಸೂಪಿಗೆ ಉಪ್ಪಿನ ಬದಲು ಸಕ್ಕರೆ ಬಿದ್ದ ಕಥೆ ಹೇಳಿದರು. ಹಾಕಿದವರು ಯಾರು ಎಂದು ಕೇಳಿದೆ. ಕಿಟಕಿಯಾಚೆ ನೋಡುತ್ತ, "ನಾನೇ" ಎಂದರು. ಯಾರಿಗೂ ಗೊತ್ತಿಲ್ಲವಂತೆ, ಮಗಳಿಗೂ.

ತಲೆಯೆತ್ತಿ ನೋಡಿದಾಗ ನಮ್ಮ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಬಂದಿದ್ದೆವು. ಇಳಿದು ಹಿಂದಕ್ಕೆ ನಡೆದೆವು. ಅವರ ಮಂಡಿಗೆ ಏನೂ ಆಗಿರಲಿಲ್ಲ. ನನಗಿಂತ ಮುಂದೆ ನಡೆಯುತ್ತಿದ್ದರು.